ಉಣ್ಣೆ ತಮ್ಮಯ್ಯನ ಮಾತು ಬರೆದವನು

ಯಗಟಿಯಿಂದ ಕಡೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ, ಹಿಂದಿನ ಸೀಟಿನ ಕಾಲೇಜು ಹುಡುಗಿಯರ ಮೊಬೈಲಿನಿಂದ ಭೈರೇಶನಿಗೆ ತಾನೇ ಬರೆದ ಮಾತು ಕೇಳಿಸಿತು. ಮಾತು ಅವನದು, ದನಿ ಹಳೆಯ ಗೆಳೆಯ ಮಲ್ಲಿಕಾರ್ಜುನನದು.

"ಅಮ್ಮಾವ್ರೇ, ಚಡ್ಡಿ ಹೋದ್ರೆ ಹೋಗ್ಲಿ. ಆ ಕುರಿ ನನ್ನೇ ನೋಡ್ಕಂಡು ನಗ್ತೈತಲ್ಲ, ಅದನ್ನ ಮೊದ್ಲು ಆಚೆ ಹೊಡೀರಿ."

ಅದರ ಬೆನ್ನಿಗೇ ಒಂದು ಹೆಂಗಸಿನ ದನಿ: "ನಗ್ದೆ ಇನ್ನೇನ್ ಮಾಡ್ತೈತೆ? ಅದರ ಉಣ್ಣೆ ನೀನ್ ತೆಗ್ದೆ, ನಿನ್ನ ಚಡ್ಡಿ ಅದು ತೆಗೀತು. ಈಗ ಇಬ್ರೂ ಒಂದೇ."

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಮತ್ತೆ ಹಾಕಿದರು, ಮತ್ತೆ ನಕ್ಕರು. ಆರನೆಯ ಸಲಕ್ಕೆ ಭೈರೇಶ ತಡೆಯಲಾರದೆ ಹಿಂತಿರುಗಿದ.

"ಏನಮ್ಮಾ ಅದು?"

"ಮಲ್ಲಣ್ಣನ ಕಾಮಿಡಿ ಅಂಕಲ್. ಎಲ್ಲರ ಫೋನ್‌ನಾಗೂ ಇದೇ ಓಡ್ತೈತೆ. ನೀವ್ ನೋಡಿಲ್ವಾ?"

"ಅದನ್ನ ಬರ್ದೋರು ಯಾರು?"

"ಬರ್ದೋರು ಯಾರು ಅಂದ್ರೆ? ಮಲ್ಲಣ್ಣಂದೇ ಎಲ್ಲ."

ಭೈರೇಶ ಮುಂದಕ್ಕೆ ತಿರುಗಿ ಕುಳಿತ. ಅವನು ಊರಿನ ಹಾಲಿನ ಡೇರಿಯ ಕಾರ್ಯದರ್ಶಿ. ಅವತ್ತು ಹೊರಟಿದ್ದು ಪಶು ಆಹಾರದ ಮೂಟೆಗೆ ಹೇಳಿಬರಲು. ಕಡೂರಿನಲ್ಲಿ ಇಳಿದವನು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ತನ್ನ ಮೊಬೈಲಿನಲ್ಲಿ ಆ ತುಣುಕನ್ನು ಹುಡುಕಿ ತೆಗೆದ. ಒಂಬತ್ತು ಲಕ್ಷ ಜನ ನೋಡಿದ್ದರು. ಮೂಟೆಯ ಮಾತು ಮರೆತು, ಬಂದ ಬಸ್ಸಿಗೇ ವಾಪಸು ಹತ್ತಿದ.

ಆ ತುಣುಕು ಬಂದ ಸಿನಿಮಾದ ಕಥೆ ಇಪ್ಪತ್ತೆರಡು ವರ್ಷದಷ್ಟು ಹಳೆಯದು. ಭೈರೇಶ ಆಗಷ್ಟೇ ಬಿ.ಎ. ಮುಗಿಸಿದ್ದ. ಕಾಲೇಜಿನಲ್ಲಿ ಅವನು ನಾಟಕ ಬರೆದರೆ ತರೀಕೆರೆಯ ಮಲ್ಲಿಕಾರ್ಜುನ ಪಾತ್ರ ಮಾಡುತ್ತಿದ್ದ. ಅಜ್ಜಂಪುರದಲ್ಲಿ ಕೇಬಲ್ ನಡೆಸುತ್ತಿದ್ದ ಬಸವರಾಜಪ್ಪ ಒಂದು ದಿನ ಇಬ್ಬರನ್ನೂ ಕರೆಸಿದರು. ಶಿವಮೊಗ್ಗದ ಅಂಗಡಿಯಿಂದ ತಂದ ಸಿ.ಡಿ.ಗಳಲ್ಲಿ ಒಂದು ಆಸ್ಟ್ರೇಲಿಯಾದ ಸಿನಿಮಾ ಇತ್ತು. ಕುರಿಗಳ ಉಣ್ಣೆ ಕತ್ತರಿಸುವ ದೊಡ್ಡ ಹಟ್ಟಿ, ಅದರ ಯಜಮಾನಿ ಒಬ್ಬ ವಿಧವೆ, ಅಲ್ಲಿಗೆ ಕೆಲಸಕ್ಕೆ ಬರುವ ಒಬ್ಬ ದಪ್ಪ, ಒಬ್ಬ ಸಣಕಲ. ಹತ್ತು ನಿಮಿಷಕ್ಕೊಮ್ಮೆ ಯಾರಾದರೂ ಹೂಸು ಬಿಡುತ್ತಿದ್ದರು, ಇಲ್ಲವೇ ಯಾರದಾದರೂ ಪ್ಯಾಂಟು ಜಾರುತ್ತಿತ್ತು. ಅವರ ಇಂಗ್ಲಿಷು ಬಸವರಾಜಪ್ಪನವರಿಗಿರಲಿ, ಕಾಲೇಜಿನ ಇಂಗ್ಲಿಷ್ ಮೇಷ್ಟರಿಗೂ ತಿಳಿಯುವಂತಿರಲಿಲ್ಲ.

"ಇದಕ್ಕೆ ನಮ್ ಕನ್ನಡ ಹಾಕ್ರಪ್ಪಾ. ನಮ್ ಚಾನೆಲ್‌ನಾಗೆ ಬಿಡಾಣ," ಎಂದರು ಬಸವರಾಜಪ್ಪ.

ಒಂದು ವಾರ ಮಧ್ಯಾಹ್ನದ ಹೊತ್ತು ಕೇಬಲ್ ಆಫೀಸಿನ ಕೋಣೆಯಲ್ಲಿ ಕೆಲಸ ನಡೆಯಿತು. ಭೈರೇಶ ನೂರು ಹಾಳೆಯ ನೋಟ್‌ಬುಕ್ಕಿನಲ್ಲಿ ಮಾತು ಬರೆದ. ದಪ್ಪನಿಗೆ ಉಣ್ಣೆ ತಮ್ಮಯ್ಯ ಎಂದು ಹೆಸರಿಟ್ಟ. ಗಂಡಸರ ದನಿಯೆಲ್ಲ ಮಲ್ಲಿಕಾರ್ಜುನನದು. ಯಜಮಾನಿಗೆ ದನಿ ಕೊಡಲು ಯಾವ ಹುಡುಗಿಯೂ ಒಪ್ಪಲಿಲ್ಲ. ಕೊನೆಗೆ, ಅಂತರಘಟ್ಟೆಯಿಂದ ದಿನಾ ಬಂದು ಆಫೀಸು ಗುಡಿಸಿ ಟೀ ತಂದುಕೊಡುತ್ತಿದ್ದ ಕರಿಯಮ್ಮನನ್ನು ಬಸವರಾಜಪ್ಪ ಮೈಕಿನ ಮುಂದೆ ನಿಲ್ಲಿಸಿದರು. ಅವಳಿಗೆ ಓದು ಬರುತ್ತಿರಲಿಲ್ಲ. ಭೈರೇಶ ಓದಿ ಹೇಳುತ್ತಿದ್ದ, ಅವಳು ಅನ್ನುತ್ತಿದ್ದಳು.

ಗೌರಿ ಹಬ್ಬದ ಸಂಜೆ ಸಿನಿಮಾ ಬಿಟ್ಟರು. ಅರ್ಧ ಗಂಟೆಯೊಳಗೆ ಬಸವರಾಜಪ್ಪನವರ ಮನೆಯ ಮುಂದೆ ಜನ ಸೇರಿದರು. ಹಬ್ಬದ ದಿನ ಮನೆ ಹೆಣ್ಣುಮಕ್ಕಳು ಕೂತು ನೋಡುವಂಥದ್ದೇ ಇದು ಎಂದು ಹಿರಿಯರು ಉಗಿದರು. ಸಿನಿಮಾ ನಿಂತಿತು. ಸುದ್ದಿ ಯಗಟಿಗೂ ಹೋಯಿತು. ಭೈರೇಶನ ಅಪ್ಪ ಈರಪ್ಪ ಕುರಿ ಸಾಕಿದವರು. "ಕುರಿ ಕಾಯೋರ್ನ ಹಿಂಗ್ ಆಡ್ಕಂಡು ನಗ್ಸಿದ್ಯಾ?" ಎಂದು ಒಂದೇ ಮಾತು ಕೇಳಿ ಎರಡು ತಿಂಗಳು ಮಗನ ಜೊತೆ ಮಾತು ಬಿಟ್ಟರು. ಭೈರೇಶ ನೋಟ್‌ಬುಕ್ಕನ್ನು ಅಟ್ಟಕ್ಕೆ ಹಾಕಿದ. ಆಮೇಲೆ ಏನೂ ಬರೆಯಲಿಲ್ಲ. ಮಲ್ಲಿಕಾರ್ಜುನ ಮಾತ್ರ ಮದುವೆ, ಗಣಪತಿ ಕಾರ್ಯಕ್ರಮಗಳಲ್ಲಿ ಮೈಕ್ ಹಿಡಿದು ಮಾತಾಡುತ್ತ ಹೇಗೋ ಜೀವನ ಮಾಡಿಕೊಂಡ. ವರ್ಷಕ್ಕೊಮ್ಮೆ ಎಲ್ಲಾದರೂ ಸಿಕ್ಕರೆ ಇಬ್ಬರೂ ಟೀ ಕುಡಿಯುತ್ತಿದ್ದರು.

ಈಗ ಯಾರೋ ಹಳೆಯ ಸಿ.ಡಿ. ಹುಡುಕಿ ಮೊಬೈಲಿಗೆ ಬಿಟ್ಟಿದ್ದರು.

ಡೇರಿಯಲ್ಲಿ ಬೆಳಗ್ಗೆ ಆರೂವರೆಗೆ ಕ್ಯಾನು ಹಿಡಿದು ಸಾಲು ನಿಂತವರ ಬಾಯಲ್ಲೂ ಅದೇ ಮಾತು. ಯಾರದೋ ಹಾಲಿನ ಫ್ಯಾಟು ಕಮ್ಮಿ ಬಂದರೆ ಹಿಂದಿನವನು, "ನಿಂದೂ ಕಮ್ಮಿ, ನಂದೂ ಕಮ್ಮಿ. ಈಗ ಇಬ್ರೂ ಒಂದೇ," ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಭೈರೇಶ ಮೆಷೀನಿನ ಅಂಕಿಯಿಂದ ಕಣ್ಣೆತ್ತುತ್ತಿರಲಿಲ್ಲ. ಒಂದು ದಿನ, "ಅದನ್ನ ಬರ್ದೋನು ನಾನೇ," ಎಂದ. ಸಾಲಿನಲ್ಲಿದ್ದವರು ಅದಕ್ಕೂ ನಕ್ಕರು.

ಮಲ್ಲಿಕಾರ್ಜುನನನ್ನು ಒಂದು ಟಿ.ವಿ. ಕಾರ್ಯಕ್ರಮಕ್ಕೆ ಕರೆದರು. ಪೇಪರಿನಲ್ಲಿ ಅವನ ಫೋಟೋ ಬಂತು. ತಲೆಗೆ ಹೊಸದಾಗಿ ಬಣ್ಣ ಹಾಕಿಸಿಕೊಂಡಿದ್ದ, ಆ ಬಣ್ಣ ಅವನಿಗೆ ಒಪ್ಪುತ್ತಲೂ ಇತ್ತು. ಅದು ಭೈರೇಶನಿಗೆ ಇನ್ನೂ ಚುಚ್ಚಿತು. ಅವನ ಸ್ಟೇಟಸ್ ನೋಡುವುದಿಲ್ಲ ಎಂದು ಪಣ ತೊಟ್ಟು, ಹಾಲು ಅಳೆದು ಬಂದ ಕೂಡಲೇ ನೋಡುತ್ತಿದ್ದ. ಒಂದು ದಿನ ಹಾಸನದಲ್ಲಿ ಸನ್ಮಾನ, ಮತ್ತೊಂದು ದಿನ ಚನ್ನಗಿರಿಯಲ್ಲಿ. ಆ ಸಿನಿಮಾವನ್ನು ಅದು ಹುಟ್ಟಿದ ದೇಶದಲ್ಲೂ ಜನ ತೆಗಳಿದ್ದರೆಂದು ಮೊಬೈಲಿನಲ್ಲಿ ಓದಿದಾಗ ಅವನಿಗೆ ಒಂದು ದಿನದ ಮಟ್ಟಿಗೆ ಸಮಾಧಾನವಾಯಿತು. ಆಮೇಲೆ ಇನ್ನೊಂದು ಯೋಚನೆ ಬಂತು. ಸಿನಿಮಾ ಅಷ್ಟು ಕೆಟ್ಟದಾಗಿದ್ದರೆ ಜನ ನಗುತ್ತಿರುವುದು ಮಾತಿಗೇ ಅಲ್ಲವೇ? ಮತ್ತೆ ಮಲ್ಲಿಕಾರ್ಜುನನ ಸ್ಟೇಟಸ್ ತೆರೆದ.

ಹೆಂಡತಿ ಬೃಂದಾ ಹದಿನೈದು ದಿನ ನೋಡಿದಳು. ಆಮೇಲೆ ಕೇಳಿಯೇಬಿಟ್ಟಳು.

"ಫೋನ್ ನಂಬರ್ ಐತಲ್ಲ, ಅವನ್ನೇ ಕೇಳ್ರಿ."

"ನಾನ್ಯಾಕೆ ಕೇಳ್ಲಿ? ಅವನಾಗೇ ಹೇಳ್ಬೇಕು."

"ಹಂಗಾದ್ರೆ ಸುಮ್ನಿರಿ."

"ಸುಮ್ನೇ ಇದೀನಲ್ಲ."

"ಎಲ್ಲಿ ಸುಮ್ನಿದೀರಿ? ದಿನಾ ಎದ್ದು ಅವನ್ ಮುಖ ನೋಡ್ತೀರಿ. ಮದ್ವೆ ಆದಾಗಿಂದ ನನ್ ಮುಖಾನೂ ಅಷ್ಟು ಹೊತ್ತು ನೋಡಿಲ್ಲ ನೀವು."

ಅವತ್ತೇ ಮಲ್ಲಿಕಾರ್ಜುನನ ಸ್ಟೇಟಸ್ಸಿನಲ್ಲಿ ಪೋಸ್ಟರ್ ಬಂತು. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ತರೀಕೆರೆಯ ಕಲ್ಯಾಣ ಮಂಟಪದಲ್ಲಿ 'ಉಣ್ಣೆ ತಮ್ಮಯ್ಯ' ಪೂರ್ತಿ ಸಿನಿಮಾ. ಕೆಳಗೆ ದಪ್ಪ ಅಕ್ಷರದಲ್ಲಿ: ಮಾತು ಮತ್ತು ದನಿ, ಮಲ್ಲಣ್ಣ.

ಭೈರೇಶ ಏಣಿ ಹಾಕಿ ಅಟ್ಟ ಹತ್ತಿದ. ಕೊಬ್ಬರಿ ಚೀಲಗಳ ಹಿಂದೆ, ಹಳೆಯ ಟ್ರಂಕಿನಲ್ಲಿ ನೋಟ್‌ಬುಕ್ ಸಿಕ್ಕಿತು. ರಟ್ಟನ್ನು ಇಲಿ ಕಡಿದಿತ್ತು, ಒಳಗಿನ ಹಾಳೆಗಳು ಹಾಗೆಯೇ ಇದ್ದವು. ತೆರೆದು ಓದುವ ತಾಳ್ಮೆಯೂ ಅವನಿಗಿರಲಿಲ್ಲ. ತುಂಬಿದ ಸಭೆಯಲ್ಲಿ ಎದ್ದು ನಿಂತು ಅದನ್ನು ಎತ್ತಿ ಹಿಡಿಯಬೇಕು, ಮಲ್ಲಿಕಾರ್ಜುನನ ಬಾಯಿ ಅಲ್ಲೇ ಕಟ್ಟಬೇಕು. ಅಷ್ಟೇ ಅವನ ತಲೆಯಲ್ಲಿತ್ತು.

ಭಾನುವಾರ ಮಂಟಪ ತುಂಬಿತ್ತು. ಭೈರೇಶ ಹಿಂದಿನ ಸಾಲಿನಲ್ಲಿ, ನೋಟ್‌ಬುಕ್ಕನ್ನು ಅಂಗಿಯೊಳಗೆ ಸೇರಿಸಿಕೊಂಡು ಕುಳಿತ. ಕಿಟಕಿಗಳಿಗೆ ಪರದೆ ಎಳೆದು ಸಿನಿಮಾ ಹಾಕಿದರು. ಅವನು ಮೊಬೈಲಿನ ಬೆಳಕಿನಲ್ಲಿ ಹಾಳೆ ತಿರುಗಿಸುತ್ತ ಒಂದೊಂದೇ ಮಾತಿಗೆ ಕಾದ.

ಮೊದಲ ಹತ್ತು ನಿಮಿಷ ಯಾರೂ ನಗಲಿಲ್ಲ. ತಮ್ಮಯ್ಯ ಹಟ್ಟಿಗೆ ಬಂದು ಮಾಡುವ ಉದ್ದನೆಯ ಭಾಷಣ ಬಂತು. ಅದನ್ನು ಭೈರೇಶ ಎರಡು ದಿನ ಕೂತು ಬರೆದಿದ್ದ, ಅವನಿಗೆ ಅದರ ಮೇಲೆ ಬಹಳ ಪ್ರೀತಿ. ಮುಂದಿನ ಸಾಲಿನ ಮನುಷ್ಯ ಆಕಳಿಸಿದ. ಮಲ್ಲಿಕಾರ್ಜುನನ ದನಿ ಬರೀ ಕಿರುಚುತ್ತಿತ್ತು. ಸಣಕಲ ಊಟದ ಮೇಜಿನಲ್ಲಿ ಕುಳಿತು ದೊಡ್ಡದಾಗಿ ತೇಗಿದ. ಆಗ ಯಜಮಾನಿ, "ಇನ್ನೂ ಬಡ್ಸೇ ಇಲ್ಲ, ಆಗ್ಲೇ ತೇಗ್ತೀಯಲ್ಲ. ಯಾರ್ ಮನೇದು ಅದು?" ಎಂದಳು. ಮಂಟಪ ಗೊಳ್ಳೆಂದಿತು.

ಭೈರೇಶ ಹಾಳೆ ನೋಡಿದ. ಆ ಮಾತು ಅಲ್ಲಿರಲಿಲ್ಲ. 'ಮೌನವಾಗಿ ಊಟ ಮಾಡು' ಎಂದಷ್ಟೇ ಇತ್ತು.

ಬೇರೆ ಪುಟದಲ್ಲಿರಬಹುದೆಂದು ಹುಡುಕಿದ. ಅಷ್ಟರಲ್ಲಿ ಯಜಮಾನಿ ಇನ್ನೊಂದು ಮಾತಾಡಿದಳು, ಜನ ಇನ್ನೊಮ್ಮೆ ನಕ್ಕರು. ಅದೂ ಪುಸ್ತಕದಲ್ಲಿರಲಿಲ್ಲ. ಕೊನೆಗೆ ತಮ್ಮಯ್ಯ ಕುರಿಗೆ ಮದ್ದಿನ ಸ್ನಾನ ಮಾಡಿಸುವ ತೊಟ್ಟಿಗೆ ಬಿದ್ದ. ಚಡ್ಡಿ ಕುರಿಯ ಬಾಯಿಗೆ ಹೋಯಿತು. ಕುರಿ ನಗುವ ಮಾತು ಪುಸ್ತಕದಲ್ಲಿತ್ತು, ಅದು ಅವನದೇ. ಅದರ ಕೆಳಗೆ ಯಜಮಾನಿಯ ಹೆಸರಿನ ಮುಂದೆ ಅವನದೇ ದುಂಡು ಅಕ್ಷರದಲ್ಲಿ ಹೀಗಿತ್ತು: 'ಛೀ ನೀಚ, ನನ್ನ ಕಣ್ಣೆದುರು ನಿಲ್ಲಬೇಡ. ಒಳಗೆ ನಡೆ.'

ತೆರೆಯ ಮೇಲೆ ಯಜಮಾನಿ, "ಈಗ ಇಬ್ರೂ ಒಂದೇ," ಎಂದಳು. ನಾನೂರು ಜನ ಅವಳ ಜೊತೆಗೇ ಕೂಗಿದರು.

ಭೈರೇಶನಿಗೆ ಆ ಮಧ್ಯಾಹ್ನ ನೆನಪಾಯಿತು. ಪೊರಕೆಯನ್ನು ಗೋಡೆಗೆ ಒರಗಿಸಿ ಬಂದ ಕರಿಯಮ್ಮ, ಅವನು ಓದಿದ್ದನ್ನು ಕೇಳಿ, "ಇದೇನ್ ಮಾತು? ಯಾವ ಹೆಂಗ್ಸು ಹಿಂಗಂತಾಳೆ?" ಎಂದು ತನಗೆ ತೋಚಿದ್ದನ್ನು ಅಂದುಬಿಡುತ್ತಿದ್ದಳು. ಬರೆದಿದ್ದನ್ನು ಹೇಳು ಎಂದು ಅವನು ಬೈಯುತ್ತಿದ್ದ. ಇನ್ನೊಂದು ಸಲ ರೆಕಾರ್ಡ್ ಮಾಡುವಷ್ಟು ಹೊತ್ತು ಕರೆಂಟ್ ಇರುತ್ತಿರಲಿಲ್ಲ, ಹಾಗೇ ಬಿಟ್ಟಿದ್ದರು. ಇಪ್ಪತ್ತೆರಡು ವರ್ಷ ಅವನು ಅವೆಲ್ಲವನ್ನೂ ತನ್ನ ಮಾತೆಂದೇ ತಿಳಿದಿದ್ದ. ಮಲ್ಲಿಕಾರ್ಜುನನ ಮೇಲಿದ್ದ ಹೊಟ್ಟೆಕಿಚ್ಚು ಕೂತಲ್ಲೇ ಆ ಹೆಂಗಸಿನ ಕಡೆಗೆ ತಿರುಗಿತು. ಓದು ಬಾರದವಳು, ಎರಡು ನಿಮಿಷದಲ್ಲಿ, ಪೊರಕೆ ಇಟ್ಟು ಬಂದು.

ದೀಪ ಹಾಕಿದರು. ಮಲ್ಲಿಕಾರ್ಜುನ ಮೈಕ್ ಹಿಡಿದು ಸಭೆಯ ಮೇಲೆ ಕಣ್ಣಾಡಿಸಿ, "ಲೇ, ಭೈರೇಶಾ," ಎಂದ. "ನೋಡ್ರಪ್ಪಾ, ಅಲ್ಲಿ ಹಿಂದೆ ಅಡಗಿ ಕೂತವ್ನಲ್ಲ, ಇದನ್ನ ಬರ್ದಿದ್ದು ಅವ್ನೇ. ಪೋಸ್ಟರ್‌ನಾಗೆ ಹೆಸ್ರು ಬಿಟ್ಟಿದ್ದು ನನ್ ತಪ್ಪು. ಬಾರೋ ಮೇಲೆ."

ಜನ ಅವನನ್ನು ತಳ್ಳಿಕೊಂಡೇ ವೇದಿಕೆ ಹತ್ತಿಸಿದರು. ಶಾಲು ಹೊದಿಸಿದರು. ಮುಂದಿನ ಸಾಲಿನಲ್ಲಿದ್ದ ಒಬ್ಬರು, "ಈಗ ಇಬ್ರೂ ಒಂದೇ ಅನ್ನೋದು ಹೆಂಗ್ ಹೊಳೀತು ಸರ್?" ಎಂದು ಕೇಳಿದರು.

ನೋಟ್‌ಬುಕ್ ಅವನ ಅಂಗಿಯೊಳಗೇ ಇತ್ತು. ನಿಜ ಹೇಳಲು ಬಾಯಿ ತೆರೆದ. ನಾನೂರು ಮುಖಗಳು ಅವನನ್ನೇ ನೋಡುತ್ತಿದ್ದವು.

"ನಮ್ಮಪ್ಪ ಕುರಿ ಉಣ್ಣೆ ತೆಗೆಯೋದನ್ನ ನೋಡ್ತಿದ್ದೆ," ಎಂದ. "ಹಂಗೇ ಹೊಳೀತು."

ಚಪ್ಪಾಳೆ ಬಿತ್ತು. ಮಲ್ಲಿಕಾರ್ಜುನ ಅವನನ್ನು ತಬ್ಬಿಕೊಂಡ.

ಮನೆಗೆ ಬಂದು ಶಾಲನ್ನು ಮೊಳೆಗೆ ಹಾಕಿದ. ಬೃಂದಾ ಖುಷಿಯಿಂದ ಊಟಕ್ಕೆ ಬಡಿಸಿದಳು, ಅವನಿಗೆ ಎರಡು ತುತ್ತಿಗಿಂತ ಹೆಚ್ಚು ಸೇರಲಿಲ್ಲ. ಡೇರಿಯ ಸಾಲಿನಲ್ಲಿ ಈಗ ಎಲ್ಲರೂ ಅವನನ್ನು ಹೊಗಳುತ್ತಿದ್ದರು. ಯಾರಾದರೂ ಆ ಮಾತು ಅಂದಾಗಲೆಲ್ಲ ಕರಿಯಮ್ಮನ ದನಿ ಕಿವಿಯಲ್ಲಿ ಕೇಳಿ, ಅದು ತನಗೆ ಯಾಕೆ ಹೊಳೆಯಲಿಲ್ಲ ಎಂದು ಮನಸ್ಸು ಕುದಿಯುತ್ತಿತ್ತು. ನಾಲ್ಕನೆಯ ದಿನ ಹೆಂಡತಿಗೆ ಎಲ್ಲವನ್ನೂ ಹೇಳಿದ.

ಬೃಂದಾ ಮೊಳೆಗೆ ಹಾಕಿದ್ದ ಶಾಲಿನ ಕಡೆ ನೋಡಿದಳು. "ಆಯಮ್ಮ ಬದ್ಕಿದಾಳಾ?" ಎಂದಳು.

"ಗೊತ್ತಿಲ್ಲ."

"ಗೊತ್ ಮಾಡ್ಕಂಡ್ ಬನ್ನಿ. ಬಸ್ ಹತ್ರಿ."

ಅಂತರಘಟ್ಟೆಯಲ್ಲಿ ಕೇಬಲ್ ಕರಿಯಮ್ಮ ಎಂದರೆ ಈಗಲೂ ತೋರಿಸುವವರಿದ್ದರು. ಮನೆಯ ಜಗಲಿಯಲ್ಲಿ ಮೊರ ಹಿಡಿದು ಹುರಳಿಯ ಕಲ್ಲು ಆರಿಸುತ್ತಿದ್ದಳು. ತಲೆ ಪೂರ್ತಿ ನೆರೆತಿತ್ತು. ಭೈರೇಶನನ್ನು ಕಂಡು ಮೊರ ಪಕ್ಕಕ್ಕಿಟ್ಟಳು.

"ಬನ್ನಿ. ಬತ್ತೀರ ಅಂದ್ಕಂಡಿದ್ದೆ. ಇಷ್ಟು ಬೇಗ ಅಂದ್ಕಂಡಿರ್ಲಿಲ್ಲ."

"ನೋಡಿದ್ರಾ ಅಕ್ಕಾ?"

"ಸೊಸೆ ಅಮೂಲ್ಯಾ ಫೋನ್‌ನಾಗೆ ತೋರ್ಸಿದ್ಲು. ಶಾಲು ಚೆನ್ನಾಗಿತ್ತು. ನಿಮ್ಮಪ್ಪ ಉಣ್ಣೆ ತೆಗೆಯೋವಾಗ ಹೊಳೀತು ಅಂದ್ರಲ್ಲ, ಅದೂ ಚೆನ್ನಾಗಿತ್ತು."

ಭೈರೇಶ ತಲೆ ತಗ್ಗಿಸಿದ. "ಅದು ನಿಮ್ ಮಾತು ಅಕ್ಕಾ."

"ನಂಗೊತ್ತು."

"ನಾನು ಮರ್ತೇಬಿಟ್ಟಿದ್ದೆ."

"ಸ್ಟೇಜ್ ಮೇಲೆ ನಿಂತಾಗ್ಲೂ ಮರ್ತಿದ್ರಾ?"

"ಇಲ್ಲ. ಅಲ್ಲಿ ನೆನಪಿತ್ತು," ಎಂದ.

ಕರಿಯಮ್ಮ ಒಳಗೆ ಹೋಗಿ ನೀರು ತಂದುಕೊಟ್ಟಳು. ಅವನು ಕುಡಿಯುವವರೆಗೂ ನಿಂತಿದ್ದು ಆಮೇಲೆ ಎದುರು ಕುಳಿತಳು. "ನಾನೂ ಹೇಳ್ತೀನಿ ಕೇಳಿ. ಆವಾಗ ನಿಮ್ಮನ್ನ ಕಂಡ್ರೆ ನಂಗೆ ಹೊಟ್ಟೆ ಉರೀತಿತ್ತು. ನೀವು ಪೆನ್ನು ಹಿಡ್ಕಂಡು ಕೂತ್ರೆ ಬಸವರಾಜಪ್ಪೋರು ಟೀ ತರ್ಸೋರು. ತರೋಳು ನಾನು. ನಾನಂದ ಮಾತಿಗೆ ನೀವಿಬ್ರೂ ನಗೋರು, ನಕ್ಕಾದ್ಮೇಲೆ ಪೊರಕೆ ಕಡೆ ಕೈ ತೋರ್ಸೋರು. ನನ್ ಮಾತು ಗಾಳೀಗೆ ಹೋಯ್ತು, ನಿಮ್ದು ಪುಸ್ತಕದಾಗೆ ಉಳ್ಕಂತು ಅಂತ ಎಷ್ಟ್ ಸಲ ಅಂದ್ಕಂಡಿದೀನೋ. ಮೊನ್ನೆ ಫೋನ್‌ನಾಗೆ ನನ್ ದನಿ ಕೇಳಿ ಮೈ ಜುಂ ಅಂತು. ಮಾರನೇ ದಿನಾನೇ ನೀವು ಶಾಲು ಹೊದ್ಕಂಡ್ರಿ."

"ಇವತ್ತೇ ಒಂದು ವಿಡಿಯೋ ಮಾಡಿ ನಿಜ ಹೇಳ್ಬಿಡ್ತೀನಿ."

"ಬ್ಯಾಡ. ಅದ್ರಾಗೂ ನಿಮ್ ಮುಖಾನೇ ಬತ್ತೈತೆ. ಮಲ್ಲಣ್ಣ ಮುಂದಿನ ಸಲ ಎಲ್ಲಿ ಸಿನಿಮಾ ಹಾಕ್ತಾನೋ ಅಲ್ಲಿಗೆ ನಾನೇ ಬತ್ತೀನಿ. ನನ್ನೆದ್ರಿಗೇ ಹೇಳಿ."

ಭೈರೇಶ ಅಜ್ಜಂಪುರದ ಬಸ್ ನಿಲ್ದಾಣದಿಂದಲೇ ಮಲ್ಲಿಕಾರ್ಜುನನಿಗೆ ಫೋನ್ ಮಾಡಿದ. ಅವನು ಕೇಳಿಸಿಕೊಂಡು, "ಯಾರು, ಕಸ ಗುಡಿಸ್ತಿದ್ದ ಕರಿಯಮ್ಮನಾ? ಜನ ಹೆಂಗೂ ನಗ್ತಾವ್ರೆ, ಸುಮ್ನಿರೋ," ಎಂದ.

"ಪುಸ್ತಕ ನನ್ ಹತ್ರ ಐತೆ. ನೀನು ಬ್ಯಾಡ ಅಂದ್ರೂ ನಾನು ಓದ್ತೀನಿ. ನನ್ ಮಾನ ಮೊದ್ಲು ಹೋಗ್ತೈತೆ, ನಿಂದು ಆಮೇಲೆ."

"ಮುಂದಿನ ಭಾನುವಾರ ಕಡೂರು," ಎಂದ ಮಲ್ಲಿಕಾರ್ಜುನ. "ಕರ್ಕಂಡ್ ಬಾ."

ಕಡೂರಿನಲ್ಲಿ ಸಿನಿಮಾ ಶುರುವಾಗುವ ಮೊದಲೇ ಭೈರೇಶ ಮೈಕ್ ಹಿಡಿದ. ತಾನು ತರೀಕೆರೆಯಲ್ಲಿ ಸುಳ್ಳು ಹೇಳಿದೆನೆಂದ. ನೋಟ್‌ಬುಕ್ ತೆರೆದು, 'ಛೀ ನೀಚ, ನನ್ನ ಕಣ್ಣೆದುರು ನಿಲ್ಲಬೇಡ,' ಎಂದು ಓದಿದ. ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು. ಮೊದಲ ಸಾಲಿನಲ್ಲಿದ್ದ ಬೃಂದಾ ಸೆರಗಿನ ತುದಿ ಬಿಗಿ ಹಿಡಿದಿದ್ದಳು. "ಇದು ನಾನು ಬರ್ದಿದ್ದು. ನೀವು ನಗೋ ಮಾತು ಇವ್ರದ್ದು," ಎಂದು ಕರಿಯಮ್ಮನನ್ನು ವೇದಿಕೆಗೆ ಕರೆದು ಕೆಳಗಿಳಿದ. ಕಿವಿ ಕಾದ ಹೆಂಚಿನಂತಾಗಿತ್ತು.

ಕೊನೆಯ ಕಾಲು ಗಂಟೆಗೆ ಮಲ್ಲಿಕಾರ್ಜುನ ಸಿನಿಮಾದ ಸದ್ದು ತೆಗೆಸಿ, ತಾನು ಒಂದು ಮೈಕ್ ಹಿಡಿದು ಕರಿಯಮ್ಮನ ಕೈಗೆ ಇನ್ನೊಂದು ಕೊಟ್ಟ. ಮೊದಲೆರಡು ದೃಶ್ಯದಲ್ಲಿ ಅವಳು ಸಿ.ಡಿ.ಯಲ್ಲಿದ್ದ ಮಾತನ್ನೇ ಅಂದಳು. ಆಮೇಲೆ ತೆರೆಯ ಮೇಲೆ ತಮ್ಮಯ್ಯ ಟವೆಲ್ ಸುತ್ತಿಕೊಂಡು ಯಜಮಾನಿಯ ಮುಂದೆ ಮಂಡಿಯೂರಿ ಕೈ ಹಿಡಿಯಲು ಬಂದ. ಕರಿಯಮ್ಮ ಅವನನ್ನೇ ನೋಡುತ್ತ, "ಮದ್ವೆ ಏನ್ ಬಿಡು, ಆಗಾಣ. ಮೊದ್ಲು ಪ್ಯಾಂಟ್ ಹಾಕ್ಕಂಡ್ ಬಾ. ನಮ್ಮನೆ ಕುರಿಗೂ ಒಂದು ಮರ್ಯಾದೆ ಐತೆ," ಎಂದಳು.

ಆ ಮಾತು ಯಾವ ಸಿ.ಡಿ.ಯಲ್ಲೂ ಇರಲಿಲ್ಲ. ಜನ ಕುರ್ಚಿಯಿಂದ ಎದ್ದು ನಕ್ಕರು. ಭೈರೇಶನೂ ನಕ್ಕ. ನಗುತ್ತಿರುವಾಗಲೇ, ಇದು ನನಗೆ ಹೊಳೆಯುತ್ತಿರಲಿಲ್ಲ, ನೂರು ಹಾಳೆ ಬರೆದರೂ ಹೊಳೆಯುತ್ತಿರಲಿಲ್ಲ ಎಂದು ಎದೆಯಲ್ಲಿ ಮುಳ್ಳು ಆಡಿತು.

ಮುಗಿದ ಮೇಲೆ ಫೋಟೋ ತೆಗೆಸಿಕೊಳ್ಳುವವರು ಕರಿಯಮ್ಮನನ್ನು ಮುತ್ತಿದರು. ಬೃಂದಾ ಅವಳ ಕೈಚೀಲ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಈ ಕಡೆ ಕೈ ತೊಳೆಯುವ ನಲ್ಲಿಯ ಹತ್ತಿರ ಭೈರೇಶ ಮುಖ ತೊಳೆಯುತ್ತಿದ್ದಾಗ ಮಲ್ಲಿಕಾರ್ಜುನ ಬಂದು ನಿಂತ. ಅವನ ಜೊತೆ ಫೋಟೋಗೆ ಇವತ್ತು ಯಾರೂ ಬಂದಿರಲಿಲ್ಲ.

"ಚಿತ್ರದುರ್ಗದೋರು ಬಂದವ್ರೆ," ಎಂದ. "ಆಯಮ್ಮನ್ನ ಕರ್ಕಂಡು ಬಂದ್ರೆ ಮಾತ್ರ ಪ್ರೋಗ್ರಾಂ ಅಂತೆ. ಲೇ, ಹೊಟ್ಟೆ ಉರೀತೈತೆ ಕಣೋ."

"ನಂಗೂ," ಎಂದ ಭೈರೇಶ.

ಮಲ್ಲಿಕಾರ್ಜುನ ಕರ್ಚೀಫು ಕೊಟ್ಟ. ಭೈರೇಶ ಮುಖ ಒರೆಸಿಕೊಂಡು, ಕರಿಯಮ್ಮನನ್ನು ಅಜ್ಜಂಪುರದ ಬಸ್ಸಿಗೆ ಬಿಡಲು ಆಟೋ ಕರೆಯಲು ಹೊರಗೆ ಹೋದ.